ಚರಗದ ಕೂಗು

ನಾನು ತೊಗರ್ಸಿಯ ಹುಡುಗಿ. ನಮ್ಮ ಕಡೆ ಜನ ಮಾತಾಡುತ್ತಾರೆ. ಮದುವೆಯಾಗಿ ಸೊರಬ ತಾಲ್ಲೂಕಿಗೆ, ಕುಬಟೂರಿನ ಹತ್ತಿರದ ಈ ಹಳ್ಳಿಗೆ ಬಂದ ಮೇಲೆ ಗೊತ್ತಾಯಿತು, ನನ್ನ ಗಂಡನೆಂಬ ಮಹಾರಾಯರು ಮಾತಾಡುವುದೇ ಇಲ್ಲ, ಕೂಗುತ್ತಾರೆ. ಗಂಡನ ಹೆಸರು ಬಾಯಲ್ಲಿ ತರಬಾರದು ಅಂತ ನಮ್ಮ ಅತ್ತೆ ಬಂಗಾರಮ್ಮ ಬಂದ ದಿನವೇ ಹೇಳಿಕೊಟ್ಟಿದ್ದರು. ಕಥೆ ಹೇಳುವುದಕ್ಕೆ ಬೇಕಲ್ಲ, ಒಂದೇ ಒಂದು ಸಲ ಹೇಳಿಬಿಡುತ್ತೇನೆ: ಜಟ್ಟಪ್ಪ. ಇನ್ನು ಮುಂದೆ ಇವರು ಅಂದರೆ ಅವರೇ ಅಂತ ತಿಳಿದುಕೊಳ್ಳಿ.

ಊಟಕ್ಕೆ ಕೂತಾಗ ಇವರು ಸಾರಿಗೆ ಉಪ್ಪು ಕಮ್ಮಿ ಅಂದರೆ ಸಾಕು, ಮಾರನೆಯ ದಿನ ಬಾವಿಕಟ್ಟೆಯಲ್ಲಿ ಹುಲಿಯಪ್ಪನ ಹೆಂಡತಿ, “ನಿನ್ನೆ ಸಾರಿಗೆ ಉಪ್ಪು ಮರ್ತಿದ್ಯನೇ ವರದಾ?” ಅಂತ ಕೇಳುವಳು. ಅವರ ಮನೆ ನಮ್ಮ ಮನೆಯಿಂದ ಒಂದು ಹಿತ್ತಿಲು, ಒಂದು ಕಣ ದಾಟಿದರೆ ಸಿಗುತ್ತದೆ. ನನಗೆ ನಾಚಿಕೆಯೋ ನಾಚಿಕೆ. ಮೆಲ್ಲಗೆ ಮಾತಾಡಿ ಅಂತ ಎಷ್ಟು ಹೇಳಿದರೂ ಇವರು, “ಮೆಲ್ಲಗೇ ಮಾತಾಡ್ತಾ ಇದೀನಲ್ಲ!” ಅಂತ ಕೂಗುತ್ತಿದ್ದರು.

ಇವರು ಆಳು ಕುಳ್ಳು. ಜಮೀನು ಅಷ್ಟಕ್ಕಷ್ಟೆ. ಊರಿನ ನಾಲ್ಕು ಜನ ಕೂತು ಮಾತಾಡುವ ಕಡೆ ಇವರಿಗೆ ಹಿಂದಿನ ಸಾಲು. ಕಂಠ ಒಂದೇ ಇವರ ಆಸ್ತಿ. ವರ್ಷದಲ್ಲಿ ಒಂದು ಬೆಳಗ್ಗೆ ಆ ಕಂಠಕ್ಕಾಗಿ ಇಡೀ ಬಯಲು ಕಾದಿರುತ್ತಿತ್ತು. ಅದು ಭೂಮಿ ಹುಣ್ಣಿಮೆಯ ಬೆಳಗ್ಗೆ.

ಭೂಮಿ ಹುಣ್ಣಿಮೆಯ ಹೊತ್ತಿಗೆ ಭತ್ತ ತೆನೆಯನ್ನು ಒಳಗಿಟ್ಟುಕೊಂಡು ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಆಗ ಬಸುರಿ. ಬಸುರಿಯ ಬಯಕೆ ತೀರಿಸಬೇಕಲ್ಲ, ಅದಕ್ಕೆ ಸಿಕ್ಕಿದ ಸೊಪ್ಪು ಕಾಯಿಯೆಲ್ಲ ಬೇಯಿಸಿ ಅನ್ನದಲ್ಲಿ ಕಲಸಿ ಚರಗ ಮಾಡುತ್ತೇವೆ. ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿಯಲ್ಲಿ ಅದನ್ನಿಟ್ಟು, ಬೆಳಕು ಹರಿಯುವ ಮುಂಚೆ ಗದ್ದೆಗೆ ಒಯ್ದು ಚೆಲ್ಲುತ್ತೇವೆ. ಚೆಲ್ಲುವ ಮುಂಚೆ ತಾಯಿಯನ್ನು ಊಟಕ್ಕೆ ಕೂಗಿ ಕರೆಯಬೇಕು. ನಮ್ಮ ಬಯಲಿನಲ್ಲಿ ಮೊದಲ ಕೂಗು ನಮ್ಮ ಮನೆಯದು. ಅದು ಕಿವಿಗೆ ಬಿದ್ದ ಮೇಲೆಯೇ ಸುತ್ತಲ ಗದ್ದೆಯವರು ತಮ್ಮ ಬುಟ್ಟಿಗೆ ಕೈ ಹಾಕುವುದು. ಹೋದ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದರೋ, ಹಿಂದಿನ ಸಾಲಿನಲ್ಲಿ ಕೂರುವ ನನ್ನ ಗಂಡ ಆ ಒಂದು ಬೆಳಗ್ಗೆ ಬಯಲಿಗೆಲ್ಲ ಯಜಮಾನ.

ಆ ಕೂಗಿಗೆ ನಮ್ಮ ಮನೆಯಲ್ಲಿ ಎರಡು ಕಟ್ಟಳೆ ಇದ್ದವು. ಕೂಗುವವನು ಭೂಮಿತಾಯಿಯ ಕರು ಇದ್ದ ಹಾಗೆ. ಆದ್ದರಿಂದ ಮಳೆಯ ಜೋರು ಇಳಿದಾಗಿನಿಂದ ದಿನಾ ಬೆಳಗ್ಗೆ ಗದ್ದೆಯ ತಲೆಯಲ್ಲಿರುವ ಒರತೆಯ ನೀರು ಕುಡಿಯಬೇಕು. ಚೊಂಬಿನಲ್ಲಲ್ಲ, ಬೊಗಸೆಯಲ್ಲೂ ಅಲ್ಲ. ಕರು ಕೆಚ್ಚಲಿಗೆ ಬಾಯಿ ಹಚ್ಚುವ ಹಾಗೆ ಬೋರಲು ಮಲಗಿ ನೀರಿಗೆ ಬಾಯಿ ಹಚ್ಚಬೇಕು. ಇದು ಒಂದು. ಇನ್ನೊಂದು ಕಟ್ಟಳೆ ನನಗೆ ಎಂದೂ ಹಿಡಿಸಿದ್ದಲ್ಲ. ಕೂಗು ಒಮ್ಮೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋದರೆ ಹಿಂದಕ್ಕೆ ಬರುವುದಿಲ್ಲ. ನಮ್ಮ ಮಾವನವರು ಒಂದು ವರ್ಷ ಕೆಮ್ಮು ಹತ್ತಿ ಕೂಗಲಾರದೆ ಇವರಿಗೆ ಬಿಟ್ಟುಕೊಟ್ಟರಂತೆ. ಮುಂದಿನ ವರ್ಷ ಕೆಮ್ಮು ವಾಸಿಯಾಗಿತ್ತು, ಕೂಗು ವಾಪಸು ಬರಲಿಲ್ಲ. ಸಾಯುವ ತನಕ ಹುಣ್ಣಿಮೆಯ ಬೆಳಗ್ಗೆ ಅವರು ಗದ್ದೆಗೆ ಬರಲಿಲ್ಲ, ಜಗಲಿಯ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಆಣೆ ಹೋಗಿ ಹೊಸ ಪೈಸೆ ಬಂದ ಮರುವರ್ಷ ಇರಬೇಕು. ಹುಣ್ಣಿಮೆಗೆ ಇನ್ನೂ ಒಂದು ತಿಂಗಳಿದೆ ಅನ್ನುವಾಗ ಇವರ ದನಿ ಒಡೆಯಿತು. ಮೊದಲು ಎಮ್ಮೆಯನ್ನು ಕೂಗಿ ಕರೆಯುವಾಗ ನಡುವೆ ಕಡಿದುಹೋಯಿತು. ಆಮೇಲೆ ಸೊರಸೊರ ಅನ್ನತೊಡಗಿತು. ಸುಳ್ಳು ಯಾಕೆ ಹೇಳಲಿ, ಮೊದಲ ನಾಲ್ಕು ದಿನ ನನಗೆ ಖುಷಿಯೋ ಖುಷಿ. ಮನೆಯೊಳಗೆ ಒಲೆ ಉರಿಯುವ ಸದ್ದು ಕೇಳಿಸಿದ್ದು ಆಗಲೇ. ಬಾವಿಕಟ್ಟೆಯಲ್ಲಿ ಹುಲಿಯಪ್ಪನ ಹೆಂಡತಿ ಮಾತಾಡಲು ವಿಷಯವೇ ಇಲ್ಲದೆ ಸಪ್ಪಗಾಗಿದ್ದಳು.

ಅತ್ತೆ ಮಾತ್ರ ಗಾಬರಿಯಾದರು. ಜ್ಯೇಷ್ಠಮಧು ಅಗಿಸಿದರು. ಕಾಳುಮೆಣಸಿನ ಕಷಾಯ ಕುಡಿಸಿದರು. ಕಷಾಯ ಗಂಟಲಿಗೆ ಇಳಿದದ್ದೇ ತಡ ಇವರು ಕಣ್ಣು ಹೊರಬರುವ ಹಾಗೆ ಕೆಮ್ಮಿದರು.

“ನೀ ಈ ಸರ್ತಿ ಒರತೆ ನೀರು ಸಮ ಕುಡಿಲಿಲ್ಲ ಕಾಣ್ತದೆ. ಅದಕ್ಕೇ ತಾಯಿ ಮುನಿಸ್ಕಂಡಾಳೆ,” ಅಂದರು ಅತ್ತೆ. “ನಾಳೆಯಿಂದ ಎರಡು ಹೊತ್ತೂ ಕುಡಿ. ಹೊಟ್ಟೆ ತುಂಬ ಕುಡಿ.”

ಇವರು ಸಾಯಂಕಾಲವೂ ಹೋಗಿ ಕುಡಿದರು. ನಾನೇ ಜತೆಗೆ ಹೋಗಿ ಹೊನ್ನೆ ಮರದ ಕೆಳಗೆ ನಿಂತಿರುತ್ತಿದ್ದೆ. ಕೆಸರಲ್ಲಿ ಎದೆ ಊರಿ, ಪಾಚಿ ಸರಿಸಿ, ಕಣ್ಣು ಮುಚ್ಚಿಕೊಂಡು ಕುಡಿಯುವಾಗ ಇವರು ನಿಜವಾಗಿ ಕರುವಿನ ಹಾಗೇ ಕಾಣುತ್ತಿದ್ದರು. ದನಿ ಇನ್ನಷ್ಟು ಕೆಟ್ಟಿತು. ಕೊನೆಗೆ ಪಿಸುಗುಟ್ಟುವುದಕ್ಕೂ ಆಗದೆ ಕೈಸನ್ನೆಗೆ ಬಂತು.

ಹೀಗಿರುವಾಗ ಒಂದು ಮಧ್ಯಾಹ್ನ ಬಣವೆಯ ಹಿಂದೆ ಯಾರೋ ಸಣ್ಣಗೆ ಕೂಗುತ್ತಿರುವುದು ಕೇಳಿಸಿತು. ಹೋಗಿ ನೋಡಿದರೆ ನನ್ನ ಮೈದುನ ಚೌಡಪ್ಪ. ಕಣ್ಣು ಮುಚ್ಚಿ, ಕುತ್ತಿಗೆ ಉದ್ದ ಮಾಡಿ, ಚರಗದ ಕೂಗನ್ನು ರೂಢಿ ಮಾಡುತ್ತಿದ್ದಾನೆ. ನನ್ನ ಪಿತ್ತ ನೆತ್ತಿಗೇರಿತು. ಅಣ್ಣ ಅಲ್ಲಿ ಗಂಟಲು ಹಿಡಿದುಕೊಂಡು ಕೂತಿದ್ದಾನೆ, ತಮ್ಮ ಇಲ್ಲಿ ಪಟ್ಟಕ್ಕೆ ತಯಾರಾಗುತ್ತಿದ್ದಾನೆ! ನನ್ನ ಮುಖ ಕಂಡವನೇ ಅವನು ಬಾಯಿ ಮುಚ್ಚಿಕೊಂಡು ಹಿತ್ತಿಲ ಬೇಲಿ ಹಾರಿ ಓಡಿದ. ಆವತ್ತು ಅವನ ತಟ್ಟೆಗೆ ತಳ ಹಿಡಿದ ಅನ್ನ ಬಡಿಸಿದೆ.

ಅದೇ ವಾರ ಇವರ ಟವಲು ಒಗೆಯುವಾಗ ಮೂಲೆಯಲ್ಲಿ ರಕ್ತದ ಕಲೆ ಕಂಡಿತು. ಇನ್ನೊಂದು ಮೂಲೆಯಲ್ಲೂ ಇತ್ತು. ಇವರು ಅದನ್ನು ಮಡಚಿ ಒಳಗಿಟ್ಟು ಬಚ್ಚಿಟ್ಟಿದ್ದರು. ಒಗೆಯುವ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ. ಕೆಮ್ಮು, ರಕ್ತ, ಕಟ್ಟಿದ ಗಂಟಲು. ಎದೆ ತಿನ್ನುವ ಆ ರೋಗದ ಹೆಸರನ್ನು ನಮ್ಮೂರಲ್ಲಿ ಗಂಡನ ಹೆಸರಿನ ಹಾಗೆಯೇ ಯಾರೂ ಬಾಯಲ್ಲಿ ತರುತ್ತಿರಲಿಲ್ಲ. ಈ ಮನುಷ್ಯ ದಿನವಿಡೀ ಕೂಗಲಿ, ಊರಿಗೆಲ್ಲ ನನ್ನ ಸಾರಿನ ಮರ್ಯಾದೆ ಹೋಗಲಿ, ಇವರೊಬ್ಬರು ಇರಲಿ ಅಂತ ಅಲ್ಲೇ ಕೂತು ಅತ್ತುಬಿಟ್ಟೆ.

ಎದ್ದವಳೇ ಮನೆಗೆ ಹೋಗಿ, “ನಾಳೆ ಶಿಕಾರಿಪುರಕ್ಕೆ ಹೋಗೋದು, ಡಾಕ್ಟ್ರ ಹತ್ರ,” ಅಂದೆ. ನನ್ನ ತವರಿನವರೆಲ್ಲ ತೋರಿಸುತ್ತಿದ್ದ ಶಾಂತವೀರಪ್ಪ ಡಾಕ್ಟರು ಅಲ್ಲಿದ್ದರು. ಅತ್ತೆ ಒಪ್ಪಲಿಲ್ಲ. ಇವರೂ ತಲೆ ಅಲ್ಲಾಡಿಸಿದರು. ನಾನು ಟವಲು ತಂದು ನಡುಮನೆಯಲ್ಲಿ ಬಿಚ್ಚಿ ಹಾಕಿದೆ. ಅತ್ತೆ ಅದನ್ನು ನೋಡಿದರು, ಮಗನ ಮುಖ ನೋಡಿದರು. ಆಮೇಲೆ ಎಲೆಅಡಿಕೆ ಚೀಲ ಕಟ್ಟಿಕೊಂಡು ತಾವೂ ಹೊರಟರು.

ಚೌಡಪ್ಪ ಗಾಡಿ ಕಟ್ಟಿ ಆನವಟ್ಟಿಯವರೆಗೆ ಬಿಟ್ಟ. ಅಲ್ಲಿಂದ ಬಸ್ಸು. ಶಿರಾಳಕೊಪ್ಪ ದಾಟಿ ಶಿಕಾರಿಪುರ ಮುಟ್ಟುವ ತನಕ ಇವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಎಲ್ಲರ ಗದ್ದೆಯೂ ಹೊಡೆ ತುಂಬಿ ನಿಂತಿತ್ತು. ಇವರು ಯಾವ ಗದ್ದೆ ನೋಡಿದರೂ ಏನು ನೆನೆಸುತ್ತಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು.

ಶಾಂತವೀರಪ್ಪ ಡಾಕ್ಟರು ದಪ್ಪ ಮೀಸೆಯ, ಹಣೆಗೆ ವಿಭೂತಿ ಹಚ್ಚಿದ ಮನುಷ್ಯ. “ಕುಂದರ್ರಿ, ಕುಂದರ್ರಿ,” ಅಂತ ಇವರನ್ನು ಕುರ್ಚಿಯಲ್ಲಿ ಕೂರಿಸಿ ಎದೆಗೆ, ಬೆನ್ನಿಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ಬೆರಳಿಂದ ಕುಟ್ಟಿ ನೋಡಿದರು.

“ಎದಿ ಚಂದ ಐತ್ರಿ. ನೀವು ಅಂಜಿರೋ ರೋಗ ಇದಲ್ಲ,” ಅಂದರು.

ನನಗೆ ಅಳು ತಡೆಯಲಿಲ್ಲ. ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರು ಮಾತ್ರ ಇನ್ನೂ ಹುಬ್ಬು ಗಂಟು ಹಾಕಿಕೊಂಡೇ ಇದ್ದರು. “ಮತ್ತೆ ಈ ರಕ್ತ ಎಲ್ಲಿಂದ ಬಂತು?” ಅಂತ ತಮಗೆ ತಾವೇ ಕೇಳಿಕೊಂಡು, ಇವರ ಕಡೆ ತಿರುಗಿ, “ಗಂಟಲೊಳಗೆ ಏನರ ಹರಿದಾಡಿದಂಗ ಆಗತೈತೇನ್ರಿ?” ಅಂದರು.

ಇವರು ಹೌದು ಹೌದು ಅಂತ ಜೋರಾಗಿ ತಲೆಯಾಡಿಸಿದರು.

“ಅಯ್ಯೋ, ಮನೇಲಿ ಒಂದಿನನೂ ಹೇಳ್ಲಿಲ್ಲವಲ್ರೀ!” ಅಂತ ನಾನು ಬೈದೆ. ಇವರು ನನ್ನ ಕಿವಿಯ ಹತ್ತಿರ ಬಾಗಿ, ಗಾಳಿಯಂಥ ದನಿಯಲ್ಲಿ ಬಹಳ ಕಷ್ಟಪಟ್ಟು ಹೇಳಿದರು: “ಕೂಗೇ ಒಳಗೆ ಹೊರಳಾಡ್ತೈತೆ ಅಂದ್ಕಂಡಿದ್ದೆ. ಹುಣ್ಣಿಮೆ ಹತ್ರ ಬಂತಲ್ಲ.”

ಇಂಥ ಗಂಡನನ್ನು ಕಟ್ಟಿಕೊಂಡು ನಗಬೇಕೋ ಅಳಬೇಕೋ ನೀವೇ ಹೇಳಿ.

“ನೀರು ಎಲ್ಲೀದು ಕುಡೀತೀರಿ?” ಅಂತ ಡಾಕ್ಟರು ಕೇಳಿದರು. ಅತ್ತೆ ಕಾದಿದ್ದವರ ಹಾಗೆ ಮುಂದೆ ಬಂದು ಎಲ್ಲವನ್ನೂ ಹೇಳಿದರು. ಒರತೆ, ಕೆಚ್ಚಲು, ಕರು, ಬಾಯಿ ಹಚ್ಚಿ ಕುಡಿಯುವ ಪದ್ಧತಿ, ದನಿ ಕೆಟ್ಟ ಮೇಲೆ ಎರಡು ಹೊತ್ತು ಕುಡಿಸಿದ್ದು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ಕೇಳುತ್ತ ಕೇಳುತ್ತ ಡಾಕ್ಟರ ಹುಬ್ಬಿನ ಗಂಟು ಬಿಚ್ಚಿತು.

ಅವರು ತಲೆಗೆ ಪಟ್ಟಿ ಕಟ್ಟಿಕೊಂಡು, ನಡುವೆ ತೂತಿದ್ದ ದುಂಡು ಕನ್ನಡಿಯನ್ನು ಕಣ್ಣಿನ ಮೇಲೆ ಇಳಿಸಿದರು. ಇವರನ್ನು ಕಿಟಕಿಗೆ ಬೆನ್ನು ಹಾಕಿ ಕೂರಿಸಿ, ಬಿಸಿಲನ್ನು ಕನ್ನಡಿಯಿಂದ ಬಾಯೊಳಕ್ಕೆ ಬಿಟ್ಟರು. ಉದ್ದ ಹಿಡಿಯ ಇನ್ನೊಂದು ಪುಟ್ಟ ಕನ್ನಡಿಯನ್ನು ದೀಪಕ್ಕೆ ತುಸು ಕಾಯಿಸಿ ಗಂಟಲ ಹತ್ತಿರ ಹಿಡಿದು, ಬಟ್ಟೆಯಲ್ಲಿ ನಾಲಿಗೆ ಹಿಡಿದೆಳೆದು, “ಈಈ ಅನ್ರಿ,” ಅಂದರು. ಬಯಲನ್ನೆಲ್ಲ ಎಬ್ಬಿಸುತ್ತಿದ್ದ ಗಂಟಲಿನಿಂದ ಎಣ್ಣೆ ಕಾಣದ ಬಾಗಿಲಿನಂಥ ಒಂದು ಸದ್ದು ಬಂತು.

ಡಾಕ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. “ಸಿಕ್ಕಿದ ನೋಡ್ರಿ ಕಳ್ಳ! ನಿಮ್ಮ ದನಿ ಹುಟ್ಟೋ ಜಾಗದಾಗ ಜಿಗಣೆ ಕುಂತೈತಿ. ನೀರಿನ ಜಿಗಣೆ. ಕುಡಿಯೋವಾಗ ನೂಲಿನಂಗ ಒಳಗ ಹೋಗೈತಿ, ಈಗ ರಕ್ತ ಕುಡುದು ಬಸುರಿ ಆದಂಗ ಆಗೈತಿ.”

ಇವರು ಹೆದರಿ ಎರಡು ಕೈಯಲ್ಲೂ ಕುತ್ತಿಗೆ ಹಿಡಿದುಕೊಂಡರು. ಅತ್ತೆ ಮಾತ್ರ ಧೈರ್ಯಸ್ಥೆ. ಗದ್ದೆ ಕೆಲಸದಲ್ಲಿ ಕಾಲಿಗೆ ಹತ್ತಿದ್ದನ್ನು ಬಿಡಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಎಲೆಅಡಿಕೆ ಚೀಲ ಬಿಚ್ಚಿ, “ಹೊಗೆಸೊಪ್ಪು, ಸುಣ್ಣ ಎರಡೂ ಐತೆ ಡಾಕ್ಟ್ರೇ. ಒಂದು ಚೂರು ತಿಕ್ಕಿದ್ರೆ ಸಾಕು, ಬಿದ್ದು ಹೋಗ್ತದೆ,” ಅಂದರು.

“ಕಾಲಿಗಾದ್ರ ಸರಿ ಅಮ್ಮಾ. ಇಲ್ಲಿ ಹೊಗೆಸೊಪ್ಪು ಹಾಕಿದ್ರ ಇವರು ಕೆಮ್ಮಿ ದೊಡ್ಡ ಉಸಿರು ಎಳೀತಾರ. ಬಿಟ್ಟ ಜಿಗಣೆ ಉಸಿರಿನ ಜೋಡಿ ಒಳಗ ಹೋಗಿ ಶ್ವಾಸಕೋಶಕ್ಕ ಇಳುದ್ರ ಯಾರು ತಗೀಬೇಕು?” ಅಂದರು ಡಾಕ್ಟರು. “ಇದಕ್ಕ ಬ್ಯಾರೆ ಔಷಧ ಐತಿ. ಗಂಟಲಿಗೆ ಜೋಮು ಹಿಡಿಸೋದು. ಇವರಿಗೆ ಕೆಮ್ಮು ಬರಬಾರದು, ಅದಕ್ಕ ಕಚ್ಚೋ ಶಕ್ತಿ ಇರಬಾರದು. ಎರಡನ್ನೂ ಒಂದೇ ಔಷಧ ಮಾಡತೈತಿ.”

ಅದು ಕೊಕೇನ್ ಅನ್ನುವ ಔಷಧವಂತೆ. ಬೀಗ ಹಾಕಿದ ಬೀರುವಿನಿಂದ ತೆಗೆದು, ರಬ್ಬರ್ ಉಂಡೆ ಇದ್ದ ಗಾಜಿನ ಬುಡ್ಡಿಗೆ ಅಳತೆ ಮಾಡಿ ಸುರಿದುಕೊಂಡರು. ಜಾಸ್ತಿಯಾದರೆ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪ ಅಂತ ಹೇಳಿ ಒಂದು ಸಲ ಉಂಡೆ ಒತ್ತಿ ಗಂಟಲಿಗೆ ಸಿಂಪಡಿಸಿದರು. ನಾಡಿ ಹಿಡಿದು ಕೂತರು. ಮತ್ತೊಂದು ಸಲ ಸಿಂಪಡಿಸಿದರು. ನಾನು ಹಿಂದೆ ನಿಂತು ಇವರ ತಲೆಯನ್ನು ಮುಂದಕ್ಕೆ ಬಾಗಿಸಿ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಇವರು ಕಣ್ಣು ಅರಳಿಸಿ, ಗಾಬರಿಯಿಂದ ಕುತ್ತಿಗೆ ತಡವಿ ತಡವಿ ನೋಡಿಕೊಂಡು ನನಗೆ ಸನ್ನೆ ಮಾಡಿದರು. ಗಂಟಲೇ ಇಲ್ಲ, ಎಲ್ಲಿ ಹೋಯಿತು ಅಂತ!

“ಇದೆ ಕಣ್ರೀ, ನಾನು ನೋಡ್ತಾ ಇದೀನಿ, ಇಲ್ಲೇ ಇದೆ,” ಅಂತ ಮಗುವಿಗೆ ಹೇಳುವ ಹಾಗೆ ಹೇಳಿದೆ.

ಡಾಕ್ಟರು ಬಾಗಿದ ಉದ್ದ ಚಿಮಟ ಒಳಗಿಟ್ಟರು. ಮೊದಲ ಸಲ ಜಾರಿತು. “ಇನ್ನೂ ಎಚ್ಚರ ಐತಿ ಇದಕ್ಕ,” ಅಂತ ತುಸು ತಡೆದು ಇನ್ನೊಮ್ಮೆ ಸಿಂಪಡಿಸಿದರು. ಆ ಹೊತ್ತು ನನಗೆ ಮುಗಿಯುವಂತೆಯೇ ಕಾಣಲಿಲ್ಲ. ಕೈಯೊಳಗಿದ್ದ ಆ ತಲೆ ಬೆವರುತ್ತಿತ್ತು, ನನ್ನ ಅಂಗೈಯೂ ಬೆವರುತ್ತಿತ್ತು. ಎರಡನೆಯ ಸಲ ಚಿಮಟ ಒಳಗೆ ಹೋಗಿ, ನಿಂತು, ಮೆಲ್ಲಗೆ ಹೊರಗೆ ಬಂತು. ತುದಿಯಲ್ಲಿ ಕಪ್ಪಗೆ, ಮೆತ್ತಗೆ, ನನ್ನ ಬೆರಳಿನಷ್ಟು ದಪ್ಪದ್ದು ಜೋತಾಡುತ್ತಿತ್ತು. ಬಿಳಿ ತಟ್ಟೆಗೆ ಹಾಕಿದ ಮೇಲೆ ಅದು ನಿದ್ದೆಯಲ್ಲಿದ್ದ ಹಾಗೆ ಒಮ್ಮೆ ಮೈ ಮುರಿಯಿತು. ಇವರು ಅದನ್ನು ನೋಡಿ ಡಾಕ್ಟರಿಗೆ ಎರಡು ಕೈ ಎತ್ತಿ ಮುಗಿದರು.

ನಮಗೆಲ್ಲ ನಗು, ಸಮಾಧಾನ. ಅತ್ತೆ ಮಾತ್ರ ತಟ್ಟೆಯ ಮುಂದೆ ನಿಂತವರು ನಿಂತೇ ಇದ್ದರು. ಅವರ ಮುಖ ಸಣ್ಣದಾಗಿತ್ತು.

“ಭೂಮ್ತಾಯಿ ಹಾಲು ಅಂತ ಕುಡಿಸಿದ್ದು ನಾನು,” ಅಂದರು. “ತಾಯಿ ಹಾಲಲ್ಲಿ ಇಂಥದ್ದು ಇರ್ತದನ್ರಾ? ಹಂಗಾದ್ರೆ ನಾವು ಇಷ್ಟು ಕಾಲ ನಡೆಸ್ಕಂಡು ಬಂದದ್ದೆಲ್ಲ ಸುಳ್ಳಾ?”

ಡಾಕ್ಟರು ಕೈ ತೊಳೆಯುತ್ತಿದ್ದವರು ತಿರುಗಿ ನೋಡಿದರು. ನಗಲಿಲ್ಲ. “ಅಮ್ಮಾ, ನಿಮ್ಮ ಹಸುವಿನ ಕೆಚ್ಚಲಿಗೆ ಉಣ್ಣೆ ಹತ್ತಿದ್ರ ಏನು ಮಾಡ್ತೀರಿ?”

“ಕಿತ್ತು ಹಾಕ್ತೀವಿ.”

“ಹಾಲು?”

“ಕರೀತೀವಿ.”

“ಮತ್ತೆ? ಹಸೂನೂ ಸುಳ್ಳಲ್ಲ, ಹಾಲೂ ಸುಳ್ಳಲ್ಲ. ಉಣ್ಣೆ ನೋಡ್ಕೋಬೇಕು, ಅಷ್ಟೇ,” ಅಂದರು. ಅತ್ತೆ ಆ ಮಾತನ್ನು ಎಲೆಅಡಿಕೆಯ ಹಾಗೆ ಅಗಿಯುತ್ತ ಹೋಗಿ ಬಾಗಿಲ ಹತ್ತಿರ ಕೂತರು.

ಹೊರಡುವಾಗ ಡಾಕ್ಟರು ಬಾಯಿ ಮುಕ್ಕಳಿಸಲು ಒಂದು ಔಷಧ ಕೊಟ್ಟರು. ಜೋಮು ಬಿಡುವ ತನಕ ಏನೂ ತಿನ್ನಬೇಡಿ ಅಂದರು. “ಒಳಗ ಗಾಯ ಐತಿ, ಬಾವು ಐತಿ. ಮೆಲ್ಲಗೆ ನಾಕು ಮಾತು ಆಡ್ರಿ, ಅಡ್ಡಿ ಇಲ್ಲ. ಆದ್ರ ದೀಪಾವಳಿ ತನಕ ಕೂಗೋ ಹಂಗಿಲ್ಲ. ಕೂಗಿದ್ರ ದನಿ ಕಾಯಂ ಒಡಕು ಆಗತೈತಿ,” ಅಂದರು.

ಹುಣ್ಣಿಮೆ ಆ ವಾರವೇ ಇತ್ತು. ದೀಪಾವಳಿ ಅದರ ನಂತರ.

ಬಸ್ಸು ಹತ್ತಿದೆವು. ಕಳ್ಳ ಸಿಕ್ಕಿದ ಸಂತೋಷವೆಲ್ಲ ಆ ಒಂದು ಮಾತಿನಲ್ಲಿ ಇಳಿದುಹೋಗಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಇವರು ನನ್ನ ಕಡೆ ಬಾಗಿ, “ಹಸಿವಾಗ್ತೈತೆ ವರದಾ,” ಅಂದರು. ನಾನು ಬೆಚ್ಚಿಬಿದ್ದೆ. ಸೊರಸೊರ ಇರಲಿಲ್ಲ. ಮೆತ್ತನೆಯ, ಸ್ವಲ್ಪ ದಪ್ಪನೆಯ ಒಂದು ದನಿ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ನನಗೊಬ್ಬಳಿಗೇ ಕೇಳುವ ಹಾಗೆ ಸರಿಯಾದ ದನಿಯಲ್ಲಿ ಆಡಿದ ಮೊದಲ ಮಾತು ಅದು. ಬಾಳೆಹಣ್ಣು ಕೊಂಡು ಸುಲಿದು ಕೊಟ್ಟೆ. ಬೇಕಂತಲೇ ಎರಡು ಸಲ, “ಏನಂದ್ರಿ?” ಅಂತ ಕೇಳಿ ಮತ್ತೆ ಹೇಳಿಸಿದೆ.

ಮನೆಗೆ ಬಂದ ಮೇಲೆ ಚೌಡಪ್ಪನ ವಿಷಯ ಎತ್ತಬೇಕಾಯಿತು. ಈ ವರ್ಷ ಕೂಗಬೇಕಾದವನು ಅವನೇ ತಾನೆ. ಅಣ್ಣ ಕೂಗುವ ಹಾಗಿಲ್ಲವಂತೆ ಅಂತ ಹೇಳಿದ್ದೇ ತಡ, ಅವನು ಕೊಟ್ಟಿಗೆಯ ಕಂಬ ಹಿಡಿದುಕೊಂಡು ಅಳುವುದಕ್ಕೇ ಶುರುಮಾಡಿದ.

“ನನ್ನಿಂದ ಆಗಲ್ಲ ಅತ್ಗೆ. ಎಷ್ಟು ದಿನದಿಂದ ಬಣವೆ ಹಿಂದೆ ನಿಂತು ನೋಡಿದೀನಿ. ನನ್ನ ದನಿ ಕರುಗಳಿಗೇ ಕೇಳಲ್ಲ. ಅದೂ ಅಲ್ದೆ ಒಂದ್ಸಲ ನಾ ಕೂಗಿದ್ರೆ ಅಣ್ಣಂಗೆ ವಾಪಸು ಬರಲ್ಲ. ಅಪ್ಪ ಗೋಡೆ ನೋಡ್ತ ಕೂತಂಗೆ ಅಣ್ಣ ಕೂತ್ರೆ ನಾನು ಹೆಂಗೆ ನೋಡ್ಲಿ?”

ನನಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಕರಗಿಹೋಯಿತು. ಆವತ್ತು ಅವನಿಗೆ ಗಟ್ಟಿ ಮೊಸರು, ಎರಡು ಹಪ್ಪಳ.

ಇವರು ಹುಣ್ಣಿಮೆಯ ಹಿಂದಿನ ದಿನ ಜಗಲಿಯ ಮೇಲೆ ಕೂತು ಗೋಡೆಯನ್ನು ಒಂದು ಸಲ ನೋಡಿದರು. ಮಾವನವರು ನೋಡುತ್ತಿದ್ದುದೂ ಅದೇ ಗೋಡೆ. ಆಮೇಲೆ ಒಳಗೆ ಬಂದು ಅದೇ ಮೆತ್ತನೆಯ ದನಿಯಲ್ಲಿ, “ನಾನೇ ಕೂಗ್ತೀನಿ. ಒಡಕಾದ್ರೆ ಆಗ್ಲಿ,” ಅಂದರು.

“ಕೂಗಿ ನೋಡಿ. ಅಲ್ಲಿಂದಲೇ ನಾನು ತೊಗರ್ಸಿಗೆ ಹೊರಟೆ,” ಅಂದೆ. ಇವರು ನಕ್ಕರು. ನಾನು ಹೋಗುವವಳಲ್ಲ ಅಂತ ಇವರಿಗೆ ಗೊತ್ತು, ಇವರು ಹಟ ಬಿಡುವವರಲ್ಲ ಅಂತ ನನಗೂ ಗೊತ್ತು.

ಹುಣ್ಣಿಮೆಯ ದಿನ ಇನ್ನೂ ಮಬ್ಬು ಇರುವಾಗ ಗದ್ದೆಗೆ ಹೋದೆವು. ಚೌಡಪ್ಪ ಬುಟ್ಟಿ ಹೊತ್ತಿದ್ದ. ಮೊದಲು ಒರತೆ. ಇವರು ಮಲಗಲು ಬಗ್ಗಿದಾಗ ಅತ್ತೆ ತಡೆದರು. ತಮ್ಮ ಹಳೆಯ ಸೀರೆಯಿಂದ ಹರಿದು ತೊಳೆದು ಒಣಗಿಸಿದ್ದ ಒಂದು ಬಟ್ಟೆಯನ್ನು ಮಡಿಲಿನಿಂದ ತೆಗೆದು, ನಾಲ್ಕು ಮಡಿಕೆ ಮಾಡಿ ನೀರಿನ ಮೇಲೆ ಹರಡಿದರು. ಎರಡು ತುದಿಯನ್ನು ತಾವೇ ಹಿಡಿದುಕೊಂಡು ಕೂತರು.

“ಈಗ ಬಾಯಿ ಹಚ್ಚು. ಉಣ್ಣೆ ಆಚೆ ಇರ್ಲಿ, ಹಾಲು ಈಚೆ ಬರ್ಲಿ,” ಅಂದರು.

ಇವರು ಬಟ್ಟೆಯ ಮೇಲೆ ತುಟಿ ಇಟ್ಟು ಕುಡಿದರು. ಅತ್ತೆ ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಮಗನ ಬೆನ್ನು ಸವರಿದರು.

ಗದ್ದೆಯ ಬದುವಿಗೆ ಬಂದೆವು. ಸುತ್ತಲ ಗದ್ದೆಗಳಲ್ಲಿ ಜನ ಬಂದು ನಿಂತಿರುವುದು ಲಾಟೀನುಗಳಿಂದ ಗೊತ್ತಾಗುತ್ತಿತ್ತು. ಎಲ್ಲರೂ ಇವರಿಗಾಗಿ ಕಾಯುತ್ತಿದ್ದರು. ಇವರು ಪಂಚೆ ಎತ್ತಿ ಕಟ್ಟಿ, ಕಾಲು ಊರಿ, ಎದೆ ತುಂಬ ಉಸಿರು ತೆಗೆದುಕೊಂಡರು. ನಾನು ಇವರ ತೋಳು ಹಿಡಿದೆ. “ಬ್ಯಾಡ ಕಣ್ರೀ, ನಿಮ್ಮ ದಮ್ಮಯ್ಯ,” ಅಂದೆ. ಇವರು ನನ್ನ ಕೈ ಬಿಡಿಸಿದರು. ಇವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು.

“ತಡಿಯಾ,” ಅಂದರು ಅತ್ತೆ.

ಇವರು ತೆರೆದ ಬಾಯಿ ಹಾಗೇ ನಿಲ್ಲಿಸಿದರು.

“ಕೂಗೋದು ದೂರ ಇರೋರಿಗೆ. ತಾಯಿ ಎಲ್ಲಿದಾಳೆ? ಕಾಲಡಿಗೇ ಇದಾಳೆ,” ಅಂದರು ಅತ್ತೆ. “ಕುಡಿಯೋವಾಗ ಬಾಯಿ ಹಚ್ಚಿದ್ಯಲ್ಲ, ಕರಿಯೋವಾಗಲೂ ಹಚ್ಚು. ಗಂಟಲು ನೊಂದ ಕರು ಹತ್ರ ಬಂದು ಸಣ್ಣಗೆ ಕರೆದ್ರೆ ತಾಯಿಗೆ ಕೇಳಲ್ವಾ?”

ಮನೆಯ ಕಟ್ಟಳೆಗಳನ್ನೆಲ್ಲ ಕಾಯುತ್ತಿದ್ದವರು ಅವರು. ಅವರ ಬಾಯಿಂದಲೇ ಆ ಮಾತು ಬಂದದ್ದನ್ನು ಇವರು ನಂಬಲಾರದವರ ಹಾಗೆ ನೋಡಿದರು. ಆಮೇಲೆ ಬದುವಿನ ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿ, ಭತ್ತದ ಬುಡಕ್ಕೆ ತುಟಿ ತಾಗಿಸಿ ಕರೆದರು.

“ಬಾ ತಾಯೀ, ಬಸುರಿ ನೀನು, ಬೇಕಾದ್ದೆಲ್ಲ ತಂದಿದೀವಿ. ಸೊಪ್ಪು ತಂದಿದೀವಿ, ಕಾಯಿ ತಂದಿದೀವಿ. ಹೊಟ್ಟೆ ತುಂಬ ಉಣ್ಣು, ನಿನ್ನ ಮಕ್ಕಳಿಗೂ ಉಣಿಸು.”

ಅಷ್ಟು ವರ್ಷ ಆ ಕೂಗಿಗೆ ನಾನು ಪಕ್ಕದಲ್ಲಿ ನಿಂತು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅದರಲ್ಲಿ ಇಂಥ ಮಾತುಗಳಿದ್ದವು ಅಂತ ಆವತ್ತೇ ತಿಳಿದದ್ದು. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ನಿಂತೆ. ಇವರು ಎದ್ದು, ಮಣ್ಣಾದ ತುಟಿ ಒರೆಸಿಕೊಳ್ಳದೆ ಬುಟ್ಟಿಗೆ ಕೈ ಹಾಕಿದರು.

ಬಯಲಿನಲ್ಲಿ ಇನ್ನೂ ಯಾರೂ ಅಲ್ಲಾಡಿರಲಿಲ್ಲ. ಕೊನೆಗೆ ಪಕ್ಕದ ಗದ್ದೆಯಿಂದ ಹುಲಿಯಪ್ಪ ತಡೆಯಲಾರದೆ, “ಹೋಯ್ ಜಟ್ಟಪ್ಪಾ, ಬೆಳಕು ಹರೀತಲ್ಲ ಮಾರಾಯಾ! ಕೂಗದಿಲ್ಲನಾ?” ಅಂದ.

ಕರುಗಳಿಗೇ ಕೇಳದ ದನಿಯ ಚೌಡಪ್ಪ ಬದುವಿನ ಮೇಲೆ ಹತ್ತಿ ನಿಂತು, ಕುತ್ತಿಗೆಯ ನರವೆಲ್ಲ ಉಬ್ಬಿಸಿ ಕೂಗಿದ. “ಅಣ್ಣ ಕರದಾತು! ತಾಯಿಗೆ ಕೇಳ್ತು! ನಿಮಗೆ ಮುಂದಿನ ವರ್ಷ ಕೇಳ್ತದೆ!”

ಹುಲಿಯಪ್ಪ ಲಾಟೀನು ಕೆಳಗಿಟ್ಟ. ಆಮೇಲೆ ಅವನ ಗದ್ದೆಯಲ್ಲಿ ಚರಗ ಚೆಲ್ಲುವ ಸದ್ದು ಕೇಳಿತು, ಅದರಾಚೆಯ ಗದ್ದೆಯಲ್ಲೂ ಕೇಳಿತು.